ಟೇಪಿಗೆ ಸಿಗದ ಅಳತೆ: ಮಂಗಳೂರಿನ ಒಂದು ಸಿಟಿ ಸ್ಕ್ಯಾನ್ ಕೇಂದ್ರದಲ್ಲಿ ಎರಡು ದಿನ

ಇಪ್ಪತ್ತಾರು ವರ್ಷಗಳಿಂದ ಬೇರೆಯವರ ಮೈಯಳತೆ ತೆಗೆದು ಹೊಟ್ಟೆ ಹೊರೆದವಳು ನಾನು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ರವಿಕೆ, ಚೂಡಿದಾರ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಯಾರಾದರೂ ಬಾಗಿಲಲ್ಲಿ ನಿಂತರೆ ಮುಖಕ್ಕಿಂತ ಮೊದಲು ಸೊಂಟದ ಸುತ್ತಳತೆ ಕಣ್ಣಿಗೆ ಬೀಳುತ್ತದೆ. ಅರ್ಧ ಇಂಚಿಗಿಂತ ಹೆಚ್ಚು ತಪ್ಪಿದ್ದು ಕಡಿಮೆ. ಅಂಥವಳ ಮೈಯನ್ನು ಕಳೆದ ತಿಂಗಳು ಮಂಗಳೂರಿನಲ್ಲಿ ಅಳೆದರು, ಅದೂ ಒಳಗಿನಿಂದ, ಮಿಲಿಮೀಟರಿನ ಲೆಕ್ಕದಲ್ಲಿ. ಅಳೆದ ಕೇಂದ್ರದ ಹೆಸರು ಹೇಳುವುದಿಲ್ಲ. ಹೊಗಳಿಕೆಯಷ್ಟೇ ದೂರುಗಳೂ ಇವೆ, ಮತ್ತು ನನ್ನ ತಮ್ಮನ ಚಿಕಿತ್ಸೆ ಇನ್ನೂ ಅದೇ ಊರಿನಲ್ಲಿ ನಡೆಯಬೇಕಾಗಿದೆ.

ತಮ್ಮನ ಎರಡೂ ಮೂತ್ರಪಿಂಡಗಳು ಸೋತಿವೆ. ವಾರಕ್ಕೆ ಮೂರು ಸಲ ಡಯಾಲಿಸಿಸ್. ನನ್ನ ರಕ್ತದ ಗುಂಪು ಹೊಂದಿತು, ಉಳಿದ ಪರೀಕ್ಷೆಗಳೂ ಹೊಂದಿದವು. ಕೊನೆಗೆ ಉಳಿದದ್ದು ಹೊಟ್ಟೆಯ ಸಿಟಿ ಆಂಜಿಯೋಗ್ರಾಂ, ಅಂದರೆ ಔಷಧ ಚುಚ್ಚಿ ರಕ್ತನಾಳಗಳ ಚಿತ್ರ ತೆಗೆಯುವ ಸ್ಕ್ಯಾನ್. ಕೊಡುವವರ ಮೂತ್ರಪಿಂಡಕ್ಕೆ ಎಷ್ಟು ಅಪಧಮನಿಗಳು ಬರುತ್ತವೆ, ಎಲ್ಲಿಂದ ಬರುತ್ತವೆ, ಎಷ್ಟು ದಪ್ಪ, ಎಷ್ಟು ದೂರಕ್ಕೆ ಕವಲೊಡೆಯುತ್ತವೆ ಎಂಬುದು ತಿಳಿಯದೆ ಶಸ್ತ್ರವೈದ್ಯರು ಕತ್ತರಿ ಕೈಗೆತ್ತಿಕೊಳ್ಳುವುದಿಲ್ಲ. ಇದು ನನಗೆ ವಿವರಿಸದೆಯೇ ಅರ್ಥವಾದ ಮಾತು. ಅಳತೆ ಇಲ್ಲದೆ ಬಟ್ಟೆಗೆ ಕತ್ತರಿ ಇಟ್ಟವರ ಪಾಡನ್ನು ನನ್ನ ಅಂಗಡಿಯಲ್ಲಿ ದಿನವೂ ನೋಡುತ್ತೇನೆ.

ಆಗುಂಬೆ ಘಾಟಿ ಇಳಿದು, ಉಡುಪಿಯಲ್ಲಿ ಬಸ್ಸು ಬದಲಿಸಿ, ಹಿಂದಿನ ಸಂಜೆಯೇ ಮಂಗಳೂರು ಸೇರಿದೆವು. ಬೆಳಿಗ್ಗೆ 9ಕ್ಕೆ ಸರದಿ. ನಾಲ್ಕು ಗಂಟೆ ಮೊದಲಿನಿಂದ ಊಟ ತಿಂಡಿ ಇಲ್ಲ, ನೀರು ಕುಡಿಯಬಹುದು ಎಂದಿದ್ದರು. ಸರದಿ ಬಂದದ್ದು 11.20ಕ್ಕೆ. ತುರ್ತು ರೋಗಿಗಳು ಬಂದರೆ ಸರದಿ ತಪ್ಪುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಹಸಿದು ಕುಳಿತವರಿಗೆ ‘ಇನ್ನೂ ಒಂದೂವರೆ ಗಂಟೆ ಆಗಬಹುದು’ ಎಂದು ಹೇಳಲು ಯಾರ ಬಾಯಿಯೂ ಸವೆಯುವುದಿಲ್ಲ. ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕವನ್ನು ಮೂರು ಸಲ, ಗರ್ಭಿಣಿಯರು ಮೊದಲೇ ತಿಳಿಸಬೇಕು ಎಂಬ ಫಲಕವನ್ನು ನಾಲ್ಕು ಸಲ ಓದಿದೆ. ಎರಡೂ ಒಳ್ಳೆಯ ಕನ್ನಡದಲ್ಲಿದ್ದವು.

ತುಂಬಲು ಕೊಟ್ಟ ಅರ್ಜಿಯಲ್ಲಿ ಮೀನು, ಸಿಗಡಿ ಒಗ್ಗುವುದಿಲ್ಲವೇ ಎಂಬ ಪ್ರಶ್ನೆಯಿತ್ತು. ಮಂಗಳೂರಿನಲ್ಲಿ ಕುಳಿತು ಕೇಳುವ ಪ್ರಶ್ನೆಯೇ ಇದು ಎಂದು ಪಕ್ಕದವರು ನಕ್ಕರು. ಆಮೇಲೆ ಒಳಗಿನ ವೈದ್ಯೆ ಹೇಳಿದರು: ಅದು ಹಳೆಯ ನಂಬಿಕೆ, ಸಿಗಡಿ ಒಗ್ಗದವರಿಗೆ ನಾಳ ಕಾಣಿಸಲು ಚುಚ್ಚುವ ಅಯೋಡಿನ್ ಔಷಧವೂ ಒಗ್ಗುವುದಿಲ್ಲ ಎಂಬ ನೇರ ಸಂಬಂಧವೇನೂ ಇಲ್ಲ, ಹಿಂದೆ ಇದೇ ಔಷಧ ಕೊಟ್ಟಾಗ ತೊಂದರೆಯಾಗಿತ್ತೇ, ಆಸ್ತಮಾ ಇದೆಯೇ, ಯಾವುದಕ್ಕಾದರೂ ತೀವ್ರ ಅಲರ್ಜಿ ಇದೆಯೇ, ಮೂತ್ರಪಿಂಡದ ಕೆಲಸ ಹೇಗಿದೆ ಎಂದು ಹೇಳುವ ರಕ್ತದ ಕ್ರಿಯಾಟಿನಿನ್ ಎಷ್ಟು, ಇಷ್ಟು ಮುಖ್ಯ ಎಂದು. ಹಾಗಾದರೆ ಅರ್ಜಿಯನ್ನು ತಿದ್ದಬಾರದೇ ಎಂದೆ. ನಕ್ಕು ಸುಮ್ಮನಾದರು.

ಇನ್ನು ಗೌನಿನ ವಿಷಯ. ಹೊಲಿಗೆಯವಳಾಗಿ ಇದನ್ನು ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಹಿಂದೆ ಕಟ್ಟುವ ಹಸಿರು ಗೌನು. ಮೂರು ಜೊತೆ ಲಾಡಿ ಇರಬೇಕಾದಲ್ಲಿ ಒಂದೂವರೆ ಜೊತೆ ಉಳಿದಿತ್ತು. ಲಾಡಿಯನ್ನು ಅಂಚಿಗೆ ಒಂದೇ ಹೊಲಿಗೆಯಲ್ಲಿ ಅಂಟಿಸಿದ್ದಾರೆ, ಮಡಚಿ ಚೌಕ ಹೊಲಿಗೆ ಹಾಕಿಲ್ಲ. ನಾಲ್ಕು ಸಲ ಒಗೆದರೆ ಬಿಟ್ಟುಕೊಳ್ಳದೆ ಏನು ಮಾಡೀತು? ಬಗಲಿನ ಹೊಲಿಗೆಯೂ ಎರಡು ಇಂಚು ಬಿಚ್ಚಿತ್ತು. ನನ್ನ ಚೀಲದಲ್ಲಿ ಸೂಜಿ ದಾರ ಯಾವಾಗಲೂ ಇರುತ್ತದೆ. ಬಟ್ಟೆ ಬದಲಿಸುವ ಕೋಣೆಯಲ್ಲೇ ಕುಳಿತು ಹೊಲಿದುಕೊಂಡೆ. ನನಗಿಂತ ಮೊದಲು ಒಳಗೆ ಹೋದ ವಯಸ್ಸಾದ ಹೆಂಗಸು ಎರಡೂ ಕೈ ಹಿಂದೆ ಹಿಡಿದು ನಡೆದುಹೋದದ್ದು ಏಕೆಂದು ಆಗ ತಿಳಿಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರ ತರಿಸಿದವರಿಗೆ ಮೊಳ ಲಾಡಿ ಭಾರವೇ?

ಸೂಜಿ ಚುಚ್ಚಿದ ಹುಡುಗಿಯ ಕೈ ಮಾತ್ರ ಬಂಗಾರದ್ದು. ಮೊಳಕೈ ಒಳಬದಿಯಲ್ಲಿ ಒಂದೇ ಪ್ರಯತ್ನಕ್ಕೆ ನಾಳ ಹಿಡಿದಳು. ಹಸಿರು ಬಣ್ಣದ ಕೊಳವೆ, 18 ನಂಬರು ಎಂದಳು. 20ರದ್ದು ನಸುಗೆಂಪು, ಅದು ಸಪುರ. ಇಲ್ಲಿ ಔಷಧವನ್ನು ಯಂತ್ರ ರಭಸದಿಂದ ನೂಕುವುದರಿಂದ ದಪ್ಪದ್ದೇ ಬೇಕಂತೆ. ನಂಬರು ಹೆಚ್ಚಿದಷ್ಟೂ ಸಪುರ ಎಂದಾಗ, ನಮ್ಮ ಕೈಹೊಲಿಗೆ ಸೂಜಿಯ ಲೆಕ್ಕವೂ ಅದೇ, ಯಂತ್ರದ ಸೂಜಿಯದು ಮಾತ್ರ ತಿರುಗಾಮುರುಗಾ ಎಂದೆ. ಅವಳಿಗೆ ಅದು ಗೊತ್ತಿರಲಿಲ್ಲ. ಹೀಗೆ ಮಾತಾಡುತ್ತಾ ಟೇಪು ಅಂಟಿಸಿ ಮುಗಿಸಿದ್ದಳು.

ಸಿಟಿ ಯಂತ್ರ ಎಂದರೆ ಗುಹೆಯಂಥದ್ದು ಎಂದು ಹೆದರಿದ್ದೆ. ಅದು ಗುಹೆಯಲ್ಲ, ದೊಡ್ಡದೊಂದು ಬಳೆ. ತಲೆ ಹೊರಗೇ ಇತ್ತು. ಮೂರು ಸುತ್ತು ತೆಗೆದರು. ಮೊದಲನೆಯದು ಔಷಧವಿಲ್ಲದೆ, ಕಲ್ಲು ಇದೆಯೇ ನೋಡಲು. ಎರಡನೆಯದು ಔಷಧ ಅಪಧಮನಿಗಳಲ್ಲಿ ತುಂಬಿದ ಗಳಿಗೆಗೆ, ಮೂರನೆಯದು ಅಭಿಧಮನಿಗಳಿಗೆ ಬಂದಾಗ. ಎರಡನೆಯದರ ಗಳಿಗೆ ಹಿಡಿಯುವ ಉಪಾಯ ನನಗೆ ತುಂಬಾ ಹಿಡಿಸಿತು. ಹೊಟ್ಟೆಯ ಮಹಾಪಧಮನಿಯ ಮೇಲೆ ಪರದೆಯಲ್ಲಿ ಸಣ್ಣ ವೃತ್ತ ಇಟ್ಟಿರುತ್ತಾರೆ. ಔಷಧ ಅಲ್ಲಿಗೆ ಬಂದು ನಾಳ ಬೆಳ್ಳಗಾಗುವುದನ್ನು ಯಂತ್ರ ನೋಡುತ್ತಾ ಕೂತಿರುತ್ತದೆ. ಗೊತ್ತುಮಾಡಿದ ಮಟ್ಟ ಮುಟ್ಟಿದೊಡನೆ ಸ್ಕ್ಯಾನ್ ಹೊರಡುತ್ತದೆ. ಹಾಲು ಉಕ್ಕುವುದನ್ನು ಕಾಯುವ ಕೆಲಸವೇ, ಆದರೆ ಇಲ್ಲಿ ತಪ್ಪುವುದು ಕಡಿಮೆ.

ಔಷಧ ಹೋಗುವಾಗ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿ ಇಳಿಯುತ್ತದೆ, ಬಾಯಲ್ಲಿ ತುಕ್ಕಿನ ರುಚಿ, ಮಲಗಿದಲ್ಲೇ ಉಚ್ಚೆ ಹೋಯಿತೇನೋ ಎಂಬ ಭ್ರಮೆ. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಗಾಬರಿಯಾದದ್ದು ಯಂತ್ರದ ದನಿಗೆ. ‘ಸಾಂಸ್ ಲೀಜಿಯೇ, ಸಾಂಸ್ ರೋಕಿಯೇ’ ಎಂದಿತು. ಮಂಗಳೂರಿನಲ್ಲಿ ತುಳು ಇದೆ, ಕೊಂಕಣಿ ಇದೆ, ಬ್ಯಾರಿ ಇದೆ, ಘಟ್ಟದ ಮೇಲಿನಿಂದ ಹೋದ ನಮ್ಮಂಥವರ ಕನ್ನಡ ಇದೆ. ಉಸಿರು ಹಿಡಿಯಲು ಹೇಳುವ ಎರಡು ಮಾತನ್ನು ಅವುಗಳಲ್ಲಿ ಧ್ವನಿಮುದ್ರಿಸಲು ಎಷ್ಟು ಹೊತ್ತು ಬೇಕು? ಉಸಿರು ಅಲುಗಿದರೆ ಚಿತ್ರ ಕಲಸುತ್ತದೆ, ಎರಡೂವರೆ ಮಿಲಿಮೀಟರಿನ ನಾಳ ಕಾಣದೇ ಹೋಗಬಹುದು. ತಂತ್ರಜ್ಞ ಹುಡುಗ ಕನ್ನಡದಲ್ಲಿ ‘ಉಸಿರು ಎಳೆದುಕೊಳ್ಳಿ, ಹಿಡಿಯಿರಿ’ ಎಂದು ಮೈಕಿನಲ್ಲಿ ಹೇಳಿ ನನ್ನನ್ನು ಉಳಿಸಿದ.

ಮಧ್ಯಾಹ್ನ ರೇಡಿಯಾಲಜಿ ವೈದ್ಯೆ ಕರೆದು ಪರದೆಯ ಮುಂದೆ ಕೂರಿಸಿದರು. ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲವಂತೆ. ದಾನಿಗಳಿಗೆ ಮಾತ್ರ, ಸಮಯವಿದ್ದರೆ. ಈ ಕೇಂದ್ರಕ್ಕೆ ನಾನು ಮತ್ತೊಬ್ಬರನ್ನು ಕಳಿಸುವುದಾದರೆ ಆ ಇಪ್ಪತ್ತು ನಿಮಿಷಗಳಿಗಾಗಿ.

ಮೊದಲು ಎಲ್ಲವೂ ಬೂದು ಬಣ್ಣದ ಬಿಲ್ಲೆಗಳು, ಹಲಸಿನ ಹಣ್ಣನ್ನು ಅಡ್ಡಕ್ಕೆ ಕೊಯ್ದಂತೆ. ಆಮೇಲೆ ಅವರು ಗುಂಡಿ ಒತ್ತಿದರು, ಬಿಲ್ಲೆಗಳೆಲ್ಲ ಜೋಡಿಸಿಕೊಂಡು ಬೆನ್ನುಮೂಳೆಯ ಮುಂದೆ ಬೆಳ್ಳನೆಯ ಮರವೊಂದು ನಿಂತಿತು. ಅದೇ ಮಹಾಪಧಮನಿ. ಎದೆಯ 12ನೆಯ ಕಶೇರುವಿನ, ಅಂದರೆ ಬೆನ್ನುಮೂಳೆಯ ಮಣಿಯ, ಹತ್ತಿರ ಹೊಟ್ಟೆಗಿಳಿದು, ಸೊಂಟದ 4ನೆಯ ಕಶೇರುವಿನ ಬಳಿ, ಅಂದರೆ ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ, ಪ್ಯಾಂಟಿನ ಕಾಲುಗಳಂತೆ ಎರಡಾಗುತ್ತದೆ. ದಾರಿಯಲ್ಲಿ ಮೊದಲ ಕೊಂಬೆ ಸೀಲಿಯಾಕ್. ಅದು ಜಠರಕ್ಕೆ, ಯಕೃತ್ತಿಗೆ, ಗುಲ್ಮಕ್ಕೆ (ಸ್ಪ್ಲೀನ್) ಮೂರಾಗಿ ಒಡೆಯುತ್ತದೆ. ಗುಲ್ಮಕ್ಕೆ ಹೋಗುವುದು ಝಿಗ್‌ಝಾಗ್ ಲೇಸಿನಂತೆ ಅಂಕುಡೊಂಕು. ಇದು ಕೆಟ್ಟಿದೆಯೇ ಎಂದು ಕೇಳಿದೆ. ಇಲ್ಲ, ಅದರ ಸ್ವಭಾವವೇ ಹಾಗೆ ಎಂದರು. ಮೂತ್ರಪಿಂಡದ ನಾಳಗಳ ಮಟ್ಟದಲ್ಲಿ ನನ್ನ ಮಹಾಪಧಮನಿ 18 ಮಿಲಿಮೀಟರು. ಮುಕ್ಕಾಲು ಇಂಚಿಗೆ ಒಂದು ದಾರದೆಳೆ ಕಡಿಮೆ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. 30 ಮಿಲಿಮೀಟರು ಮುಟ್ಟಿದರೆ ಅದನ್ನು ಊತ ಎಂದು ಎಣಿಸುತ್ತಾರೆ.

ಎಡ ಮೂತ್ರಪಿಂಡಕ್ಕೆ ಒಂದೇ ಅಪಧಮನಿ, ಐದೂವರೆ ಮಿಲಿಮೀಟರು, ಕವಲೊಡೆಯುವ ಮೊದಲು 32 ಮಿಲಿಮೀಟರು ಉದ್ದ. ಹೊಲಿಗೆಗೆ ಬಿಡುವ ಬಟ್ಟೆಯಂತೆ ಅದು: ತುಂಡು ಗಿಡ್ಡವಾದರೆ ಜೋಡಿಸುವುದು ಕಷ್ಟ. ಬಲಕ್ಕೆ ಎರಡು, ದೊಡ್ಡದೊಂದು, ಅದರ ಕೆಳಗೆ ಎರಡೂವರೆ ಮಿಲಿಮೀಟರಿನ ಸಣ್ಣದೊಂದು. ಮುಖ ಬಾಡಿದ್ದನ್ನು ನೋಡಿ ವೈದ್ಯೆ, ಇದು ರೋಗವಲ್ಲ, ನೂರರಲ್ಲಿ ಇಪ್ಪತ್ತೈದು ಮೂವತ್ತು ಜನರಿಗೆ ಹೆಚ್ಚುವರಿ ನಾಳ ಇರುತ್ತದೆ ಎಂದರು. ಆದರೆ ಮೂತ್ರಪಿಂಡದ ಒಂದೊಂದು ಅಪಧಮನಿಯೂ ತನ್ನ ಪಾಲಿನ ಭಾಗವನ್ನಷ್ಟೇ ಸಾಕುತ್ತದೆ. ಸಣ್ಣದು ಎಂದು ಕಟ್ಟಿಬಿಟ್ಟರೆ ಅಷ್ಟು ಭಾಗ ಸಾಯುತ್ತದೆ, ಹಾಗಾಗಿ ಎರಡನ್ನೂ ಜೋಡಿಸಬೇಕು. ಎಡದ್ದಾದರೆ ಒಂದೇ ಜೋಡಣೆ, ಅಭಿಧಮನಿಯೂ ಉದ್ದ. ಎಡದ್ದೇ ತೆಗೆಯುತ್ತಾರೆ ಎಂದು ಅವರು ಹೇಳಲಿಲ್ಲ, ಅದು ಶಸ್ತ್ರವೈದ್ಯರ ಮಾತು ಎಂದರು. ನನಗೆ ತಿಳಿಯಿತು.

ಇನ್ನೊಂದು ಅಳತೆ ತೋರಿಸಿದರು. ಪಕ್ಕದಿಂದ ನೋಡಿದಾಗ ಮಹಾಪಧಮನಿಯಿಂದ ಸುಪೀರಿಯರ್ ಮೆಸೆಂಟರಿಕ್ ಎಂಬ ಅಪಧಮನಿ ಮುಂದಕ್ಕೆ ಹೊರಟು ಕೆಳಕ್ಕೆ ಬಾಗಿ ಕರುಳಿನ ಕಡೆ ಹೋಗುತ್ತದೆ. ಎರಡರ ನಡುವಿನ ಕೋನ ನನ್ನಲ್ಲಿ 48 ಡಿಗ್ರಿ, ಅಂತರ 15 ಮಿಲಿಮೀಟರು. ಆ ಸಂದಿಯಲ್ಲಿ ಸಣ್ಣ ಕರುಳಿನ ಮೊದಲ ಭಾಗವೂ ಎಡ ಮೂತ್ರಪಿಂಡದ ಅಭಿಧಮನಿಯೂ ದಾಟಿಹೋಗುತ್ತವೆ. ಕೋನ ತೀರಾ ಕಿರಿದಾದರೆ ಅವು ಸಿಕ್ಕಿಕೊಳ್ಳುತ್ತವೆ. ಅಭಿಧಮನಿ ಸಿಕ್ಕಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ನಟ್‌ಕ್ರ್ಯಾಕರ್ ಎನ್ನುತ್ತಾರೆ ಎಂದರು ವೈದ್ಯೆ. ನಮ್ಮ ಮಲೆನಾಡಿನಲ್ಲಿ ಅದಕ್ಕೆ ಹೆಸರು ಹುಡುಕಬೇಕಾಗಿಲ್ಲ, ಅಡಕತ್ತರಿ ಎಂದೆ. ಅವರ ಅಜ್ಜಿಯ ಮನೆ ಶೃಂಗೇರಿಯ ಕಡೆಯಂತೆ. ಕುರ್ಚಿ ತಿರುಗಿಸಿ ನಕ್ಕುಬಿಟ್ಟರು.

ಆ ಅಡಕತ್ತರಿಯ ಬಾಯಿ ಮುಚ್ಚದಂತೆ ನಡುವೆ ನಿಂತಿರುವುದು ಕೊಬ್ಬು. ಇದು ನನಗೆ ಹೊಸತು. ಅಪಧಮನಿಗಳ ಸಂದಿಯಲ್ಲಿ ತುಂಬಿಕೊಂಡ ಕೊಬ್ಬಿನ ದಿಂಬು ಕೋನವನ್ನು ಬಿಡಿಸಿ ಹಿಡಿಯುತ್ತದೆ. ಕಾಯಿಲೆಯಿಂದಲೋ ಅತಿಯಾದ ಉಪವಾಸದಿಂದಲೋ ಗಬಕ್ಕನೆ ತೂಕ ಇಳಿದವರಲ್ಲಿ ದಿಂಬು ಕರಗಿ, ಕೋನ ಕುಗ್ಗಿ, ಉಂಡದ್ದು ಮುಂದೆ ಹೋಗದೆ ವಾಂತಿಯಾಗುವುದುಂಟು. ಮತ್ತೊಂದು ಮಾತು: ತೀರಾ ಸಣಕಲು ಮೈಯವರ ಸಿಟಿ ಓದುವುದು ಕಷ್ಟವಂತೆ. ಅಂಗಗಳ ನಡುವೆ ಕಪ್ಪಗೆ ಕಾಣುವ ಕೊಬ್ಬು ಇದ್ದರೆ ಒಂದರ ಅಂಚು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಬಿಡಿಸಿ ಕಾಣುತ್ತದೆ.

ಕೊಬ್ಬಿನ ಮಾತು ಬಂದದ್ದರಿಂದ ಈ ಕೇಂದ್ರದ ಇನ್ನೊಂದು ಸೇವೆಯ ಬಗ್ಗೆ ಹೇಳಬೇಕು. ಬಿಲ್ಲಿನಲ್ಲಿ ‘ದೇಹಕೊಬ್ಬು ಅಳತೆ, 800 ರೂಪಾಯಿ’ ಎಂಬ ಸಾಲಿತ್ತು. ಆಂಜಿಯೋಗ್ರಾಂ 9,500, ಅದರ ಕೆಳಗೆ ಇದು. ಬೇಡವೆಂದರೆ ಬಿಡುತ್ತಾರೆ, ಆದರೆ ಕೇಳದೆ ಸೇರಿಸಿದ್ದರು. ಮೊದಲು ಸಿಟ್ಟು ಬಂತು. ಅಳೆಸಿದ ಮೇಲೆ ಹೇಳುತ್ತೇನೆ, ಹಣ ವ್ಯರ್ಥವಾಗಲಿಲ್ಲ, ಸಿಟ್ಟೂ ಹೋಗಿಲ್ಲ.

ನನ್ನ ಎತ್ತರ 153 ಸೆಂಟಿಮೀಟರು, ತೂಕ 53 ಕಿಲೋ. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 22.6. ನಮ್ಮ ದೇಶದವರಿಗೆ ಹಾಕಿರುವ 23ರ ಗೆರೆಯ ಕೆಳಗೇ ಇದ್ದೇನೆ. ತಕ್ಕಡಿಯನ್ನು ಕೇಳಿದರೆ ನಾನು ತೆಳ್ಳಗಿನವಳು. ಆದರೆ ಟೇಪು ಸುಳ್ಳು ಹೇಳುವುದಿಲ್ಲ: ಸೊಂಟ ಮೂವತ್ತಮೂರೂವರೆ ಇಂಚು, ಅಂದರೆ 85 ಸೆಂಟಿಮೀಟರು. ನಮ್ಮ ಹೆಂಗಸರಿಗೆ 80 ದಾಟಬಾರದು ಎನ್ನುತ್ತಾರೆ. ಕೈಕಾಲು ಕಡ್ಡಿ, ನಡುವೆ ಗುಡಾಣ. ಇಂಥ ಮೈಕಟ್ಟಿಗೆ ದಿನಕ್ಕೆ ನಾಲ್ಕು ರವಿಕೆ ಹೊಲಿಯುತ್ತೇನೆ, ನನಗೆ ಗೊತ್ತಿಲ್ಲವೇ. ಟೇಪಿಗೆ ಗೊತ್ತಾಗದ್ದು ಒಂದೇ, ಸುತ್ತಳತೆಯಲ್ಲಿ ಮೇಲ್ಬಟ್ಟೆ ಎಷ್ಟು, ಅಸ್ತರು ಎಷ್ಟು ಎಂಬುದು. ಚರ್ಮದಡಿಯ ಕೊಬ್ಬು ಬೇರೆ, ಹೊಟ್ಟೆಯ ಸ್ನಾಯುಗೋಡೆಯ ಒಳಗೆ ಕರುಳು ಯಕೃತ್ತುಗಳ ಸುತ್ತ ಕೂರುವ ಕೊಬ್ಬು ಬೇರೆ. ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ದಾರಿ ಮಾಡುವುದರಲ್ಲಿ ಎರಡನೆಯದೇ ಮುಂದು. ಒಂದೇ ಮೂತ್ರಪಿಂಡದಲ್ಲಿ ಮುಂದಿನ ಬದುಕು ಕಳೆಯಬೇಕಾದವಳಿಗೆ ಇದು ಸಣ್ಣ ವಿಷಯವಲ್ಲ.

ಅಳೆಯುವ ಬಗೆ ನೋಡಿ. ಔಷಧ ಹಾಕುವ ಮೊದಲು ತೆಗೆದ ಚಿತ್ರಗಳಿಂದ ಒಂದೇ ಒಂದು ಬಿಲ್ಲೆ ಆರಿಸಿದರು, ಸೊಂಟದ 3ನೆಯ ಕಶೇರುವಿನ ಮಟ್ಟದ್ದು. ಹೊಕ್ಕುಳಿನ ಮಟ್ಟದಲ್ಲಿ ತೆಗೆಯುವವರೂ ಇದ್ದಾರೆ, ಆದರೆ ಹೊಟ್ಟೆ ಜೋತವರಲ್ಲಿ ಹೊಕ್ಕುಳು ಕೆಳಗಿಳಿದಿರುತ್ತದೆ, ಮೂಳೆ ಜಾರುವುದಿಲ್ಲ ಎಂದರು. ಕೈ ಮುಗಿಯಬೇಕೆನಿಸಿತು. ಹೊಕ್ಕುಳು ನಂಬಿ ಲಂಗದ ಅಳತೆ ಹಿಡಿದು ಕೆಟ್ಟವರೆಷ್ಟು ಜನ! ಸಿಟಿಯಲ್ಲಿ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಈ ಅಳತೆಗೋಲಿಗೆ ಸಿಟಿ ಯಂತ್ರ ಕಟ್ಟಿ 1979ರ ನೊಬೆಲ್ ಹಂಚಿಕೊಂಡ ಇಂಗ್ಲೆಂಡಿನ ಎಂಜಿನಿಯರ್ ಹೌನ್ಸ್‌ಫೀಲ್ಡರ ಹೆಸರೇ ಇದೆ. ಮೈನಸ್ 190ರಿಂದ ಮೈನಸ್ 30ರ ನಡುವೆ ಬಿದ್ದ ಚುಕ್ಕೆಗಳನ್ನೆಲ್ಲ ಕೊಬ್ಬು ಎಂದು ತಂತ್ರಾಂಶ ಬಣ್ಣ ಹಚ್ಚಿತು. ಒಳಗು ಹೊರಗು ಬೇರ್ಪಡಿಸಲು ಮಾತ್ರ ಸ್ನಾಯುಗೋಡೆಯ ಉದ್ದಕ್ಕೂ ವೈದ್ಯೆಯೇ ಮೌಸ್ ಹಿಡಿದು ಗೆರೆ ಎಳೆದರು, ಬಟ್ಟೆಯ ಮೇಲೆ ಚಾಕಿನಲ್ಲಿ ಎಳೆಯುವಂತೆ. ಬೆನ್ನಿನ ಕಡೆ ತಂತ್ರಾಂಶ ಎಳೆದ ಗೆರೆ ದಾರಿ ತಪ್ಪಿತ್ತು, ಅಳಿಸಿ ತಿದ್ದಿದರು. ಫಲಿತಾಂಶ: ಚರ್ಮದಡಿಯದು 171 ಚದರ ಸೆಂಟಿಮೀಟರು, ಒಳಗಿನದು 112. ಒಳಗಿನದಕ್ಕೆ ಜಪಾನಿನವರು 100ರ ಗೆರೆ ಹಾಕಿದ್ದಾರೆ. ತೆಳ್ಳಗಿನವಳು ಎಂಬ ನನ್ನ ಜಂಬ ಆ ಬಿಲ್ಲೆಯಲ್ಲಿ ಹಳದಿ ಬಣ್ಣ ಬಳಿದುಕೊಂಡು ಕೂತಿತ್ತು.

ಹಾಗೆಂದು ಕೊಬ್ಬು ಅಳೆಸಲೆಂದೇ ಯಾರೂ ಸಿಟಿಗೆ ಓಡಬೇಡಿ. ಹೊಟ್ಟೆಯ ಒಂದು ಸುತ್ತಿನ ಸಿಟಿಗೆ ಸುಮಾರು 8ರಿಂದ 10 ಮಿಲಿಸೀವರ್ಟ್ ವಿಕಿರಣ. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ಸಿಗುವುದು ಸುಮಾರು 2.4ರಿಂದ 3. ಬೇರೆ ಕಾರಣಕ್ಕೆ ಸಿಟಿ ಆಗಿಯೇ ಹೋಗಿದ್ದರೆ, ಅದೇ ಚಿತ್ರದಿಂದ ಹೊಸ ವಿಕಿರಣವಿಲ್ಲದೆ ಅಳೆಯಬಹುದು. ಆಗ ಕೇಳಿ ಮಾಡಿಸಿಕೊಳ್ಳಿ.

ಇನ್ನು ದೊಡ್ಡ ದೂರು. ವರದಿ ಸಂಜೆ 5ಕ್ಕೆ ಎಂದವರು ಕೊಟ್ಟದ್ದು ಮರುದಿನ 11.30ಕ್ಕೆ, ಲಾಡ್ಜಿನ ಒಂದು ರಾತ್ರಿಯ ಬಾಡಿಗೆ ಹೆಚ್ಚಾಯಿತು. ಅದೂ ಹೋಗಲಿ. ಅಳಿಯನ ಜೊತೆ ಮೆಟ್ಟಿಲ ಮೇಲೆ ನಿಂತು ಓದಿಸಿಕೊಂಡರೆ, ಎಡ ಮೂತ್ರಪಿಂಡಕ್ಕೆ ಎರಡು ಅಪಧಮನಿ, ಬಲಕ್ಕೆ ಒಂದು ಎಂದಿತ್ತು. ಎದೆ ಧಸಕ್ಕೆಂದಿತು. ಪರದೆಯಲ್ಲಿ ನೋಡಿದ್ದು ನೆನಪಿದೆಯಲ್ಲ. ಹಿಂತಿರುಗಿ ಕೌಂಟರಿಗೆ ಹೋದೆ. ಅಲ್ಲಿದ್ದವನು ಫಿಲಂ ಎತ್ತಿ ಬೆಳಕಿಗೆ ಹಿಡಿದು, ‘ನೋಡಿ ಅಮ್ಮ, ಎರಡು ನಾಳ ಎಡಗಡೆಯೇ ಇದೆ’ ಎಂದ.

ಇಪ್ಪತ್ತಾರು ವರ್ಷ ಎದುರು ನಿಂತವರ ತೋಳು ಅಳೆದವಳಿಗೆ ಇದನ್ನು ಹೇಳಿಕೊಡಬೇಕೇ? ಎದುರಿಗಿರುವವರ ಬಲಗೈ ನನ್ನ ಎಡಕ್ಕೆ ಇರುತ್ತದೆ. ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲ ವಾರ ಮಾಡುವ ತಪ್ಪೇ ಅದು. ಸಿಟಿ ಚಿತ್ರವೂ ಹಾಗೆಯೇ, ಮಲಗಿದವರನ್ನು ಕಾಲಿನ ಕಡೆಯಿಂದ ನೋಡಿದಂತೆ. ಚಿತ್ರದ ಎಡಬದಿ ಎಂದರೆ ರೋಗಿಯ ಬಲ. ಫಿಲಂನ ಅಂಚಿನಲ್ಲಿ ಬಲ (ರೈಟ್) ಎಂದು ತಿಳಿಸುವ ಸಣ್ಣ ಆರ್ ಅಕ್ಷರ ಕೂಡ ಇತ್ತು. ‘ಯಕೃತ್ತು ಯಾವ ಕಡೆ ಇದೆ ನೋಡಪ್ಪಾ’ ಎಂದೆ. ದೊಡ್ಡದಾದ ಯಕೃತ್ತು ಅದೇ ಎಡಬದಿಯಲ್ಲಿ ಕಾಣುತ್ತಿತ್ತು. ಅವನು ಫಿಲಂ ಕೆಳಗಿಟ್ಟು ಒಳಗೆ ಹೋದ.

ವೈದ್ಯೆ ಸ್ವತಃ ಹೊರಗೆ ಬಂದರು. ಅವರು ಸರಿಯಾಗಿಯೇ ಹೇಳಿ ಬರೆಸಿದ್ದರಂತೆ, ಟೈಪು ಮಾಡುವಲ್ಲಿ ಅದಲುಬದಲಾಗಿತ್ತು. ಓದದೆ ಸಹಿ ಹಾಕಿದ್ದು ತನ್ನ ತಪ್ಪು ಎಂದು ಎಲ್ಲರೆದುರು ಒಪ್ಪಿಕೊಂಡರು. ಇಪ್ಪತ್ತು ನಿಮಿಷದಲ್ಲಿ ತಿದ್ದಿದ ವರದಿ ಬಂತು, ಹಳೆಯದನ್ನು ನನ್ನ ಮುಂದೆಯೇ ಹರಿದರು. ಶಸ್ತ್ರವೈದ್ಯರು ಬರಿಯ ವರದಿ ನಂಬುವುದಿಲ್ಲ, ಚಿತ್ರಗಳನ್ನು ತಾವೇ ನೋಡುತ್ತಾರೆ ಎಂದು ಅಳಿಯ ಸಮಾಧಾನ ಹೇಳಿದ. ಇರಬಹುದು. ಆದರೂ ನಾನು ಪರದೆಯ ಮುಂದೆ ಕುಳಿತಿರದಿದ್ದರೆ ಆ ಕಾಗದ ಹಾಗೆಯೇ ಶಿವಮೊಗ್ಗ ಸೇರುತ್ತಿತ್ತು.

ಹೋಗುವವರಿಗೆ ಎರಡು ಮಾತು. ಚಿತ್ರಗಳ ಸಿಡಿ ಕೇಳಿ ಪಡೆಯಿರಿ, ಕೇಳದಿದ್ದರೆ ಕೊಡುವುದಿಲ್ಲ. ವರದಿ ಇಂಗ್ಲಿಷಿನಲ್ಲೇ ಇರುತ್ತದೆ. ಎಡ ಬಲ ಎಂಬ ಎರಡು ಪದಗಳನ್ನಾದರೂ ಯಾರಿಂದಲಾದರೂ ಕೌಂಟರಿನ ಎದುರೇ ಓದಿಸಿಕೊಳ್ಳಿ. ನಕ್ಷತ್ರ ಕೊಡುವುದಾದರೆ ವೈದ್ಯೆಗೆ ಐದು, ಸೂಜಿ ಹುಡುಗಿಗೆ ಐದು, ಕೌಂಟರಿಗೆ ಒಂದೂವರೆ. ಗೌನಿಗೆ ಸೊನ್ನೆ, ನಾನು ಹೊಲಿದು ಬಿಟ್ಟುಬಂದ ಒಂದನ್ನು ಬಿಟ್ಟು.

ಶಸ್ತ್ರಚಿಕಿತ್ಸೆಗೆ ಮುಂದಿನ ತಿಂಗಳ ದಿನ ಗೊತ್ತಾಗಿದೆ. ಎಡದ್ದು. ರಾತ್ರಿಯ ಅನ್ನ ಅರ್ಧ ಮಾಡಿ, ಸಂಜೆ ಅಂಗಡಿ ಮುಚ್ಚಿ ತುಂಗಾ ನದಿಯ ಸೇತುವೆಯವರೆಗೆ ನಡೆದು ಬರುತ್ತಿದ್ದೇನೆ. ಇವತ್ತು ಬೆಳಿಗ್ಗೆ ಟೇಪು ಮೂವತ್ತೆರಡೂಮುಕ್ಕಾಲು ತೋರಿಸಿತು. ಒಳಗಿನ 112 ಈಗ ಎಷ್ಟಾಗಿದೆಯೋ. ಅದನ್ನು ನೋಡಲೆಂದು ಮತ್ತೊಮ್ಮೆ ಆ ಬಳೆಯೊಳಗೆ ಮಲಗುವವಳಲ್ಲ ನಾನು.